ಆಕಾಶದ ಅಲೆಗಳಿಗೆ ಒಡೆಯರಾರು?

ಬಸವಕಲ್ಯಾಣ ತಾಲೂಕಿನ ಮುಡಬಿಯು ಹೋಬಳಿಯ ಊರು. ತೊಗರಿ, ಜೋಳ, ಸೋಯಾ ಬೆಳೆಯುವ ನಮ್ಮ ಬೀದರ ಸೀಮೆಯ ಇಂಥ ಊರುಗಳಲ್ಲಿ ದಪ್ಪ ಗೋಡೆಯ ಹಳೆಯ ಕಲ್ಲುಮನೆಗಳಿಗೆ ಇನ್ನೂ ಕೊರತೆಯಿಲ್ಲ. ಬೇಸಗೆಯಲ್ಲಿ ತಂಪನ್ನು ಕೊಡುವ ಅದೇ ಗೋಡೆ, ಮೊಬೈಲಿನ ಅಲೆಯನ್ನೂ ಹೊರಗೇ ತಡೆದು ನಿಲ್ಲಿಸುತ್ತದೆ. ಮನೆಯ ಯಜಮಾನನು ಅಡತಿ ಅಂಗಡಿಯ ದರವನ್ನು ಕೇಳುವುದಕ್ಕಾಗಲಿ, ಪುಣೆ ಹೈದರಾಬಾದುಗಳಲ್ಲಿ ದುಡಿಯುತ್ತಿರುವ ಮಗನೊಡನೆ ನಾಲ್ಕು ಮಾತಾಡುವುದಕ್ಕಾಗಲಿ ಮಾಳಿಗೆಯನ್ನು ಹತ್ತಬೇಕಾಗುತ್ತದೆ. ಇಂಥವನಿಗೆ ಒಬ್ಬ ವ್ಯಾಪಾರಿಯು ಅಂಗೈಯಗಲದ ಒಂದು ಪೆಟ್ಟಿಗೆಯನ್ನು ತೋರಿಸಿ, "ಇದನ್ನು ಮಾಳಿಗೆಯ ಮೇಲೆ ಕಟ್ಟಿರಿ, ನೆಟ್‌ವರ್ಕು ಮನೆಯೊಳಗೇ ಬರುತ್ತದೆ" ಎಂದರೆ ಅವನು ಕೊಳ್ಳದೆ ಇರುವನೆ? ಕೊಂಡನೆಂದು ಇಟ್ಟುಕೊಳ್ಳೋಣ. ಆ ಕ್ಷಣದಿಂದ ಅವನು ತಿಳಿಯದೆಯೇ ಕಾಯಿದೆಯನ್ನು ಮೀರಿದವನಾದನು. ಏಕೆಂದರೆ ಮೊಬೈಲು ಅಲೆಯನ್ನು ಹೆಚ್ಚಿಸುವ ಬೂಸ್ಟರು ಅಥವಾ ರಿಪೀಟರು ಎಂಬ ಈ ಯಂತ್ರವನ್ನು ಪರವಾನಿಗೆ ಪಡೆದ ದೂರವಾಣಿ ಕಂಪನಿಗಳ ಹೊರತು ಬೇರಾರೂ ಇಟ್ಟುಕೊಳ್ಳುವುದು, ಮಾರುವುದು, ಬಳಸುವುದು ನಿಷಿದ್ಧವೆಂದು ಕೇಂದ್ರ ಸರಕಾರದ ದೂರಸಂಪರ್ಕ ಇಲಾಖೆಯವರು 2022ರ ಜುಲೈ 1ರಂದು ಸಾರ್ವಜನಿಕರಿಗೆ ತಿಳಿಯಪಡಿಸಿದ್ದಾರೆ.

ಈ ನಿಷೇಧದ ಬಗ್ಗೆ ಎರಡು ತೆರನಾದ ಅಭಿಪ್ರಾಯಗಳು ಕೇಳಿಬರುತ್ತವೆ. "ನನ್ನ ಮನೆ, ನನ್ನ ಹಣ, ನನ್ನ ಯಂತ್ರ; ಸರಕಾರಕ್ಕೇನು?" ಎಂಬುದು ಒಂದು. "ಕಾಯಿದೆ ಕಾಯಿದೆಯೇ, ಮೀರಿದವನನ್ನು ದಂಡಿಸಿರಿ" ಎಂಬುದು ಇನ್ನೊಂದು. ಎರಡರಲ್ಲಿಯೂ ಅರ್ಧ ಸತ್ಯವಿದೆ. ಎರಡೂ ಅರ್ಧಕ್ಕೇ ನಿಂತಿವೆ. ಆದುದರಿಂದ ಈ ವಿಷಯವನ್ನು ಬುಡದಿಂದ ವಿಚಾರಿಸಿ ನೋಡುವುದು ಉಚಿತವಾಗಿದೆ.

ಮೊದಲನೆಯದಾಗಿ, ಆ ಪೆಟ್ಟಿಗೆಯು ಮಾಡುವ ಕೆಲಸವೇನು? ಕಂಪನಿಯವರು ನಿಲ್ಲಿಸಿದ ಟವರಿನ ಯಂತ್ರವು ತನಗೆ ಗೊತ್ತುಪಡಿಸಿದ ಕಂಪನಸಂಖ್ಯೆಯ ಪಟ್ಟಿಯೊಳಗೇ ನಡೆಯುತ್ತದೆ. ಎತ್ತಿನ ಬಂಡಿಯು ತನ್ನ ಜಾಡಿನಲ್ಲಿಯೇ ಸಾಗುವಂತೆ. ಪೇಟೆಯಲ್ಲಿ ಸಿಕ್ಕುವ ಅಗ್ಗದ ಬೂಸ್ಟರಿಗೆ ಜಾಡೆಂಬುದಿಲ್ಲ. ಅದು ವಿಶಾಲಪಟ್ಟಿಯ ಯಂತ್ರ; ಈ ಕಂಪನಿಯದು, ಆ ಕಂಪನಿಯದು ಎಂಬ ವಿವೇಕವಿಲ್ಲದೆ, ತನ್ನ ಪಟ್ಟಿಯೊಳಗೆ ಬಿದ್ದ ಅಲೆಗಳೆಲ್ಲವನ್ನೂ, ಅವುಗಳೊಡನೆ ಬಂದ ಗದ್ದಲವನ್ನೂ ಹಿಗ್ಗಿಸಿ ಹೊರಚೆಲ್ಲುತ್ತದೆ. ಮಾಳಿಗೆಯ ಮೇಲಿನ ಕಂಬಿಗೂ ಮನೆಯೊಳಗಿನ ಕಂಬಿಗೂ ಸಾಕಷ್ಟು ಅಂತರವಿಲ್ಲದಿದ್ದರೆ, ತಾನು ಕೂಗಿದ್ದನ್ನು ತಾನೇ ಕೇಳಿ ಮತ್ತೆ ಕೂಗತೊಡಗುತ್ತದೆ. ಜಾತ್ರೆಯ ಪೆಂಡಾಲಿನಲ್ಲಿ ಧ್ವನಿವರ್ಧಕದ ಎದುರಿಗೆ ಮೈಕು ಹಿಡಿದಾಗ ಕಿವಿ ಹರಿಯುವಂತೆ ಏಳುವ ಕಿರಿಚಾಟವನ್ನು ಯಾರು ಕೇಳಿಲ್ಲ? ಇದೂ ಅದೇ. ವ್ಯತ್ಯಾಸವೆಂದರೆ ಈ ಕಿರಿಚಾಟವು ನಮ್ಮ ಕಿವಿಗೆ ಬೀಳದು. ಟವರಿನ ಕಿವಿಗೆ ಬೀಳುತ್ತದೆ. ದೂರದ ಹೊಲದಿಂದ ಕ್ಷೀಣವಾಗಿ ಬರುವ ಕರೆಗಳು ಆಗ ಟವರಿಗೆ ಕೇಳಿಸದೆ ಹೋಗುತ್ತವೆ. ಒಂದು ಮನೆಯೊಳಗೆ ಮೊಬೈಲಿನ ಗೆರೆಗಳೆಲ್ಲ ತುಂಬಿದವೆಂದು ಸಂತೋಷಪಡುವಾಗ, ಓಣಿಯಾಚೆ ಬಸುರಿಯೊಬ್ಬಳಿಗೋಸ್ಕರ 108ಕ್ಕೋ 112ಕ್ಕೋ ಮಾಡಿದ ಕರೆಯು ನಡುವೆಯೇ ಕಡಿದುಹೋಗಬಹುದು. ಬೂಸ್ಟರು ಕಟ್ಟಿದವನಿಗೆ ಇದರ ಅರಿವೂ ಇರುವುದಿಲ್ಲ, ಕರೆ ಕಡಿದವರಿಗೆ ಕಾರಣವೂ ತಿಳಿಯುವುದಿಲ್ಲ. ಕಣ್ಣಿಗೆ ಕಾಣದ ಅಪರಾಧದ ವಿಚಿತ್ರವೇ ಇದು.

ಇದು ಹೊಸ ಪೀಡೆಯೇನೂ ಅಲ್ಲ. ನಿಸ್ತಂತು ವಿದ್ಯೆಯು ಹುಟ್ಟಿದ್ದೇ ವಿಶಾಲಪಟ್ಟಿಯ ಯಂತ್ರದಿಂದ. 1895ರಲ್ಲಿ ಆಚಾರ್ಯ ಜಗದೀಶಚಂದ್ರ ಬೋಸರು ಕಲಕತ್ತೆಯ ಪುರಭವನದಲ್ಲಿ ಗೋಡೆಯಾಚೆಗೆ ಅಲೆಯನ್ನು ಕಳುಹಿಸಿ ಗಂಟೆಯನ್ನು ಬಾರಿಸಿ, ಮದ್ದನ್ನು ಸಿಡಿಸಿ ತೋರಿದ್ದು ವಿದ್ಯುತ್ತಿನ ಕಿಡಿಯ ಬಲದಿಂದ. ಮಾರ್ಕೊನಿಯ ಹಡಗಿನ ಯಂತ್ರಗಳೂ ಕಿಡಿಯ ಯಂತ್ರಗಳೇ. ಕಿಡಿಯ ಗುಣವೇನೆಂದರೆ ಅದು ಒಂದೇ ಸ್ವರದಲ್ಲಿ ನುಡಿಯಲಾರದು. ನಗಾರಿಯ ಪೆಟ್ಟಿನಂತೆ ಎಲ್ಲ ಸ್ವರಗಳ ಮೇಲೂ ಬೀಳುತ್ತದೆ. ಸಮುದ್ರದಲ್ಲಿ ಹಡಗುಗಳು ನಾಲ್ಕೇ ಇದ್ದಾಗ ಇದು ನಡೆಯಿತು. ನಾನೂರಾದಾಗ ಒಬ್ಬರ ಮಾತು ಒಬ್ಬರಿಗೆ ತಿಳಿಯದಾಯಿತು. 1912ರ ಏಪ್ರಿಲಿನಲ್ಲಿ ಟೈಟಾನಿಕ್ ಹಡಗು ಮುಳುಗಿದ ದುರಂತದಲ್ಲಿ ಅಲೆಗಳ ಈ ಗೊಂದಲವೂ ಎದ್ದು ಕಂಡಿತು. ಅದೇ ವರ್ಷದ ಆಗಸ್ಟಿನಲ್ಲಿ ಅಮೇರಿಕೆಯವರು ಪರವಾನಿಗೆಯಿಲ್ಲದೆ ಯಾರೂ ಪ್ರೇಷಕಯಂತ್ರವನ್ನು ನಡೆಸಕೂಡದೆಂದು ಕಾಯಿದೆ ಮಾಡಿದರು. 1927ರಲ್ಲಿ ವಾಷಿಂಗ್ಟನ್ನಿನಲ್ಲಿ ಕೂಡಿದ ರಾಷ್ಟ್ರಗಳ ಸಮ್ಮೇಳನವು ಕಿಡಿಯ ಯಂತ್ರಗಳನ್ನು ಹಂತಹಂತವಾಗಿ ನಿಲ್ಲಿಸಲು ನಿಶ್ಚಯಿಸಿತು. ಇಂದು ರೈತನು ಪಂಪುಸೆಟ್ಟಿನ ಸ್ವಿಚ್ಚು ಹಾಕಿದೊಡನೆ ರೇಡಿಯೋದಲ್ಲಿ ಕಲಬುರ್ಗಿ ಕೇಂದ್ರದ ವಾರ್ತೆಯ ನಡುವೆ ಕರಕರ ಶಬ್ದವೇಳುವುದು ಅದೇ ಕಿಡಿಯ ನೆನಪು. ಹೀಗೆ, ಆಕಾಶದಲ್ಲಿ ಶಿಸ್ತು ಬೇಕೆಂಬುದು ಯಾವ ಅರಸನ ಹಟವೂ ಅಲ್ಲ. ಅಲೆಗಳ ಸ್ವಭಾವವೇ ಅದನ್ನು ಬೇಡುತ್ತದೆ.

ಆದರೆ ನಮ್ಮ ದೇಶದಲ್ಲಿ ಈ ಶಿಸ್ತು ಯಾರ ಕೈಯಿಂದ, ಯಾವ ಉದ್ದೇಶದಿಂದ ಬಂದಿತೆಂಬುದನ್ನೂ ಮರೆಯಲಾಗದು. 1885ರ ತಂತಿ ಕಾಯಿದೆಯ ಬೆನ್ನಿಗೆ 1933ರಲ್ಲಿ ಬ್ರಿಟಿಷ್ ಸರಕಾರವು ಭಾರತೀಯ ನಿಸ್ತಂತು ಕಾಯಿದೆಯನ್ನು ಮಾಡಿತು. ಅದರ ತಿರುಳು ಸರಳವಾದದ್ದು: ಪರವಾನಿಗೆಯಿಲ್ಲದೆ ನಿಸ್ತಂತು ಯಂತ್ರವನ್ನು ಬಳಸುವುದಷ್ಟೇ ಅಲ್ಲ, ಬಳಿಯಲ್ಲಿಟ್ಟುಕೊಳ್ಳುವುದೇ ಅಪರಾಧ. ಕೇಳುವ ಪೆಟ್ಟಿಗೆಗೂ ಪರವಾನಿಗೆ ಬೇಕಾಗಿತ್ತು. ಅಂಚೆ ಕಚೇರಿಯಲ್ಲಿ ವರ್ಷವರ್ಷವೂ ಹಣ ಕಟ್ಟಿ ರೇಡಿಯೋದ ಲೈಸೆನ್ಸು ಪುಸ್ತಕವನ್ನು ಜೋಪಾನ ಮಾಡಿದ್ದನ್ನು ನಮ್ಮ ಹಿರಿಯರು ಬಲ್ಲರು. 1980ರ ದಶಕದವರೆಗೂ ಆ ಪದ್ಧತಿಯು ನಡೆದುಬಂದಿತ್ತು. 1939ರಲ್ಲಿ ಮಹಾಯುದ್ಧವು ಮೊದಲಾದಾಗ ಹವ್ಯಾಸಿಗಳ ಪರವಾನಿಗೆಗಳನ್ನೆಲ್ಲ ರದ್ದುಪಡಿಸಿ ಅವರ ಪ್ರೇಷಕಯಂತ್ರಗಳನ್ನು ಸರಕಾರವು ವಶಪಡಿಸಿಕೊಂಡಿತು. ಹಡಗುಗಳ ಹಿತಕ್ಕೆಂದು ಹುಟ್ಟಿದ ನಿಯಮವು ಪ್ರಜೆಯ ಬಾಯಿಗೆ ಬೀಗವಾದ ಬಗೆ ಇದು.

ಆ ಬೀಗವನ್ನು ಮುರಿದ ಕೈಯಾದರೂ ಎಂಥದು? 1942ರಲ್ಲಿ ನಾಯಕರೆಲ್ಲರೂ ಸೆರೆಗೆ ಹೋಗಿ, ಪತ್ರಿಕೆಗಳ ಮೇಲೆ ನಿರ್ಬಂಧಗಳು ಬಿದ್ದಾಗ, ಮುಂಬಯಿಯಲ್ಲಿ ಇಪ್ಪತ್ತೆರಡರ ಪ್ರಾಯದ ಉಷಾ ಮೆಹತಾ ಮತ್ತು ಅವರ ಸಂಗಡಿಗರು ಪರವಾನಿಗೆಯಿಲ್ಲದ ಪ್ರೇಷಕಯಂತ್ರದಿಂದ 42.34 ಮೀಟರಿನ ಅಲೆಯಲ್ಲಿ ಕಾಂಗ್ರೆಸ್ ರೇಡಿಯೋವನ್ನು ನಡೆಸಿದರು. ಆಗಸ್ಟ್ 27ರಂದು ಮೊದಲಾದ ಆ ದನಿಯು ಮನೆಯಿಂದ ಮನೆಗೆ ನೆಲೆ ಬದಲಿಸುತ್ತ ನವೆಂಬರ್ 12ರವರೆಗೂ ಮೊಳಗಿತು. ಕಡೆಗೆ ಪೋಲೀಸರು ಹಿಡಿದರು. ಉಷಾ ಮೆಹತಾ ಅವರಿಗೆ ನಾಲ್ಕು ವರ್ಷಗಳ ಸೆರೆಯಾಯಿತು. ಆ ಯಂತ್ರವು ಅಕ್ರಮವಾಗಿತ್ತು. ಅದು ಆಡಿದ ಮಾತು ಧರ್ಮವಾಗಿತ್ತು. ಕಾಯಿದೆಯೂ ನ್ಯಾಯವೂ ಯಾವಾಗಲೂ ಒಂದೇ ಮನೆಯಲ್ಲಿ ವಾಸಿಸುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಕಾದುದಿಲ್ಲ. ಆದರೂ ಸ್ವತಂತ್ರ ಭಾರತವು 1949ರಲ್ಲಿ ಅದೇ ಕಾಯಿದೆಯನ್ನು ತಿದ್ದಿದಾಗ ಪ್ರೇಷಕಯಂತ್ರಗಳ ಮಟ್ಟಿಗೆ ಶಿಕ್ಷೆಯನ್ನು ಇಳಿಸಲಿಲ್ಲ; ಮೂರು ವರ್ಷಗಳ ಸೆರೆಯವರೆಗೆ ಏರಿಸಿತು. ಆಳುವವರು ಬದಲಾದರೂ ಆಳುವ ಭಯವು ಅಷ್ಟು ಬೇಗ ಬದಲಾಗದು.

ಮುಡಬಿಯ ಮಟ್ಟಿಗೆ ಈ ಕಥೆಯು ಇನ್ನೂ ಕಟುವಾದದ್ದು. ನಮ್ಮ ಸೀಮೆಯು ಆಗ ಬ್ರಿಟಿಷ್ ಇಂಡಿಯಾದಲ್ಲಿರಲಿಲ್ಲ, ನಿಜಾಮರ ಆಳ್ವಿಕೆಯಲ್ಲಿತ್ತು. ಹೈದರಾಬಾದಿನಲ್ಲಿ 1935ರಿಂದ ನಿಜಾಮ ಸರಕಾರದ ವಶದಲ್ಲಿದ್ದ ದಕ್ಖನ್ ರೇಡಿಯೋವೇ ರಾಜ್ಯದ ದನಿ. ಪ್ರಜೆಗೆ ಕಿವಿಯುಂಟು, ಬಾಯಿಯಿಲ್ಲ. ಇದೇ ಕಲ್ಯಾಣದ ಸೀಮೆಯ ಗೋರಟಾದಲ್ಲಿ 1948ರ ಮೇ ತಿಂಗಳಲ್ಲಿ ರಜಾಕಾರರು ಕಗ್ಗೊಲೆ ನಡೆಸಿದಾಗ ಊರಿನ ಆಕ್ರಂದನವನ್ನು ಹೊರಜಗತ್ತಿಗೆ ಮುಟ್ಟಿಸಬಲ್ಲ ಅಲೆಯೊಂದೂ ಊರವರ ಕೈಯಲ್ಲಿರಲಿಲ್ಲ. ಅದೇ ಸೆಪ್ಟೆಂಬರ್ 17ರಂದು ನಿಜಾಮರೇ ತಮ್ಮ ಬಾನುಲಿಯ ಮುಂದೆ ಕುಳಿತು ಕದನವಿರಾಮವನ್ನು ಸಾರಿದರು. ಅರಸೊತ್ತಿಗೆಯ ಕೊನೆಯನ್ನು ಅರಸೊತ್ತಿಗೆಯ ಯಂತ್ರವೇ ಲೋಕಕ್ಕೆ ತಿಳಿಸಿತು. 1950ರಲ್ಲಿ ಆ ಕೇಂದ್ರವು ಭಾರತ ಸರಕಾರದ ಬಾನುಲಿಯಲ್ಲಿ ಸೇರಿತು. ಒಡೆಯರು ಬದಲಾದರು, ಅಲೆಯು ಪ್ರಜೆಯ ಕೈಗೆ ಬರಲಿಲ್ಲ.

ಇದಕ್ಕೆ ಹೋಲಿಸಿದರೆ ಮೈಸೂರಿನ ನಡತೆಯು ನೆನೆಯತಕ್ಕದ್ದು. ಅದೇ 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ತೆರೆದರು. 'ಆಕಾಶವಾಣಿ' ಎಂಬ ಹೆಸರು ಆ ಮನೆಯಿಂದ ಹೊರಟು ಕಡೆಗೆ ಅಖಿಲ ಭಾರತದ ಬಾನುಲಿಗೆ ಹೆಸರಾಯಿತು. ಒಬ್ಬ ಖಾಸಗಿ ಗೃಹಸ್ಥನ ಕೈಗೆ ಅಲೆಯನ್ನು ಕೊಟ್ಟರೆ ನಾಡು ಮುಳುಗುವುದಿಲ್ಲ. ನಾಡಿಗೆ ಒಂದು ಹೆಸರು ದೊರೆತೀತು.

ಸ್ವಾತಂತ್ರ್ಯದ ತರುವಾಯ ಅರ್ಧ ಶತಮಾನವಾಗುತ್ತ ಬಂದಾಗ, 1995ರ ಫೆಬ್ರವರಿ 9ರಂದು ಸುಪ್ರೀಂ ಕೋರ್ಟು ಈ ಪ್ರಶ್ನೆಗೆ ಉತ್ತರವನ್ನಿತ್ತಿತು. ಕ್ರಿಕೆಟ್ ಆಟದ ಪ್ರಸಾರದ ಹಕ್ಕಿಗಾಗಿ ಬಂಗಾಲದ ಕ್ರಿಕೆಟ್ ಸಂಸ್ಥೆಗೂ ಕೇಂದ್ರ ಸರಕಾರಕ್ಕೂ ನಡೆದ ವ್ಯಾಜ್ಯದಲ್ಲಿ, ಆಕಾಶದ ಅಲೆಗಳು ಸಾರ್ವಜನಿಕ ಸೊತ್ತೆಂದೂ ಅವುಗಳನ್ನು ಸಾರ್ವಜನಿಕರ ಹಿತಕ್ಕಾಗಿ ನಿಯಂತ್ರಿಸಬೇಕೆಂದೂ ನ್ಯಾಯಾಲಯವು ಸಾರಿತು. ಈ ತೀರ್ಪು ಎರಡು ಅಲಗಿನ ಕತ್ತಿ. ಅಲೆಯು ಸಾರ್ವಜನಿಕರದಾದುದರಿಂದ ಒಬ್ಬನು ತನ್ನ ಮನೆಯ ಸೌಕರ್ಯಕ್ಕಾಗಿ ಅದನ್ನು ಕೆಡಿಸಲಾಗದು. ಊರ ಕೆರೆಗೆ ಒಬ್ಬನು ತನ್ನ ಗದ್ದೆಗೋಸ್ಕರ ಗುಟ್ಟಾಗಿ ತೂಬು ಕೊರೆಯಲಾಗದಂತೆ. ಅಲೆಯು ಸಾರ್ವಜನಿಕರದೇ ಆದುದರಿಂದ ಸರಕಾರವೂ ಅದನ್ನು ತನ್ನ ಖಾಸಾ ಜಾಗೀರೆಂದು ಭಾವಿಸಲಾಗದು. ಕೆರೆಗೆ ಕಾವಲುಗಾರನಾಗಬಹುದೇ ಹೊರತು ಒಡೆಯನಾಗಲಾಗದು.

ಕಾವಲುಗಾರನು ಒಡೆಯನಂತೆ ನಡೆದುಕೊಂಡ ಉದಾಹರಣೆಗಳು ನಮ್ಮ ನೆರೆಯಲ್ಲಿಯೇ ಇವೆ. ಹುಮನಾಬಾದಿನಿಂದ ಹೈದರಾಬಾದಿನ ದಾರಿ ಹಿಡಿದರೆ ಎಡೆಯಲ್ಲಿ ಸಿಕ್ಕುವ ಜಹೀರಾಬಾದಿನ ಸೀಮೆಯಲ್ಲಿ, ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಆಶ್ರಯದಲ್ಲಿ ದಲಿತ ಹೆಣ್ಣುಮಕ್ಕಳು ತಮ್ಮದೊಂದು ಬಾನುಲಿಗಾಗಿ 1990ರ ದಶಕದ ಕೊನೆಗೇ ಸಿದ್ಧತೆ ಮಾಡಿಕೊಂಡರು. ಪರವಾನಿಗೆ ದೊರೆಯಲಿಲ್ಲ. ಆಡಿದ ಮಾತನ್ನು ಟೇಪಿನಲ್ಲಿ ತುಂಬಿ, ಊರ ಸಂಘಗಳಲ್ಲಿ ಕೇಳಿಸುತ್ತ ಕಾದರು. 2008ರ ಅಕ್ಟೋಬರ್ 15ರಂದು 'ಸಂಘಂ ರೇಡಿಯೋ' ಅಲೆಯ ಮೇಲೆ ಬರುವಷ್ಟರಲ್ಲಿ ಹತ್ತು ವರ್ಷಗಳು ಸಂದಿದ್ದವು. ನಮ್ಮ ಕೋಲಾರ ಜಿಲ್ಲೆಯ ಬೂದಿಕೋಟೆಯವರು ಅಲೆಗೆ ಅನುಮತಿಯಿಲ್ಲವೆಂದು ಎದೆಗುಂದದೆ, 'ನಮ್ಮ ಧ್ವನಿ'ಯನ್ನು ಕೇಬಲ್ ತಂತಿಯ ಮೂಲಕ ಮನೆಮನೆಗೆ ಒಯ್ದರು. ಬಿಹಾರದ ಮನಸೂರಪುರದಲ್ಲಿ ರಾಘವ ಮಹತೋ ಎಂಬ ಯುವಕನು ತಾನೇ ಜೋಡಿಸಿದ ಅಗ್ಗದ ಯಂತ್ರದಿಂದ ಹಳ್ಳಿಗರಿಗೆ ಹಾಡನ್ನೂ ಊರ ಸುದ್ದಿಯನ್ನೂ ಕೇಳಿಸುತ್ತಿದ್ದನು. 2006ರಲ್ಲಿ ಅಧಿಕಾರಿಗಳು ಅದನ್ನು ಮುಚ್ಚಿಸಿದರು. ಅದೇ 2006ರ ನವೆಂಬರಿನಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ಬಾನುಲಿಯ ಪರವಾನಿಗೆ ಕೊಡುವ ನೀತಿಯು ಹೊರಬಿತ್ತು. ಬಾಗಿಲು ತೆರೆದದ್ದು ಸಂತೋಷವೇ. ಬಡಿದವರ ಕೈ ನೋಯುವವರೆಗೆ ಕಾಯಿಸಿದ್ದು ಸಂತೋಷವಲ್ಲ.

ಹಾಗಾದರೆ ಬಾಗಿಲನ್ನು ಹಾರುಹೊಡೆದು ಬಿಡಬೇಕೆ? ಅದೂ ಸಲ್ಲದು. ಮನಸೂರಪುರದ ಯಂತ್ರವು ಯಾರಿಗೂ ಕೇಡನ್ನು ಬಗೆದುದಲ್ಲ ನಿಜ. ಆದರೆ ಜಾಡು ತಪ್ಪಿದ ಎಫ್‌ಎಂ ಯಂತ್ರದ ಅಲೆಯು, 108 ಮೆಗಾಹರ್ಟ್ಸಿನ ಮೇಲೆಯೇ ಇರುವ ವಿಮಾನಗಳ ಪಟ್ಟಿಯ ಮೇಲೆ ಬೀಳಬಲ್ಲದು. ನಮ್ಮ ಬೀದರದಲ್ಲಿ ವಾಯುಸೇನೆಯ ತರುಣರು ಹಾರಾಟವನ್ನು ಕಲಿಯುತ್ತಾರೆ. 2020ರಲ್ಲಿ ಸಾರ್ವಜನಿಕರ ವಿಮಾನಗಳೂ ಅಲ್ಲಿಂದ ಹಾರತೊಡಗಿದವು. ನೆಲದಿಂದ ಹೋಗುವ ಒಂದು ಮಾತು ವಿಮಾನ ಚಾಲಕನ ಕಿವಿಗೆ ತಪ್ಪಿದರೆ ಆಗುವ ಅನಾಹುತವನ್ನು ವಿವರಿಸಬೇಕಾದುದಿಲ್ಲ.

ಕೂಡಿಸಿ ನೋಡಿದರೆ, ಬೇಕಾದದ್ದು ನಿಷೇಧವಲ್ಲ, ಅಳತೆ. ಇದಕ್ಕೆ ಒಳ್ಳೆಯ ಮೇಲ್ಪಂಕ್ತಿಯೂ ಉಂಟು. ಅಲ್ಟ್ರಾ ವೈಡ್‌ಬ್ಯಾಂಡ್ ಎಂಬ ಅತಿ ವಿಶಾಲಪಟ್ಟಿಯ ಹೊಸ ಯಂತ್ರಗಳು ಬಂದಾಗ ಅಮೇರಿಕೆಯಲ್ಲಿ ದೊಡ್ಡ ವಾದವೆದ್ದಿತು. ದಾರಿ ತೋರುವ ಜಿಪಿಎಸ್ ಉಪಗ್ರಹಗಳ ಕ್ಷೀಣ ಅಲೆಯು ಕೆಡುವುದೆಂದು ಹಲವರು ಹೆದರಿದರು. 2002ರ ಫೆಬ್ರವರಿಯಲ್ಲಿ ಅಲ್ಲಿನ ಸಂಪರ್ಕ ಆಯೋಗವು ಪರಿಹಾರವನ್ನು ಕಂಡುಕೊಂಡಿತು: 3.1ರಿಂದ 10.6 ಗಿಗಾಹರ್ಟ್ಸಿನವರೆಗೆ ಪರವಾನಿಗೆಯಿಲ್ಲದೆಯೇ ನಡೆಯಲಿ. ಆದರೆ ಪ್ರತಿ ಮೆಗಾಹರ್ಟ್ಸಿಗೆ, ಒಂದು ವಾಟನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಸುಮಾರು 75 ಪಾಲಿಗಿಂತ ಹೆಚ್ಚು ಶಕ್ತಿಯಿರಕೂಡದು. ಜಿಪಿಎಸ್ಸಿನ ಪಟ್ಟಿಯಲ್ಲಿ ಇದಕ್ಕಿಂತಲೂ ಬಿಗಿಯಾದ ಮಿತಿಯಿರಲಿ ಎಂದು. ಪಿಸುಮಾತಿಗೆ ಯಾರ ಅಪ್ಪಣೆಯೂ ಬೇಡ; ಕೂಗುವುದಕ್ಕೆ ಬೇಕು ಎಂಬುದು ಇದರ ಸಾರ. ನಮ್ಮ ಸರಕಾರವೂ ಈ ವಿವೇಕವನ್ನು ಅರಿಯದೆ ಇಲ್ಲ. 2005ರಲ್ಲಿ 2.4 ಗಿಗಾಹರ್ಟ್ಸಿನ ಪಟ್ಟಿಯನ್ನೂ, 2018ರಲ್ಲಿ 5 ಗಿಗಾಹರ್ಟ್ಸಿನ ದೊಡ್ಡ ಭಾಗವನ್ನೂ ಅಲ್ಪಶಕ್ತಿಯ ಯಂತ್ರಗಳಿಗೆ ಮುಕ್ತಮಾಡಿತು. ಇಂದು ಮುಡಬಿಯ ಮನೆಯೊಂದರಲ್ಲಿ ವೈ-ಫೈ ಪೆಟ್ಟಿಗೆಯು ಯಾರ ಪರವಾನಿಗೆಯೂ ಇಲ್ಲದೆ ನಡೆಯುವುದಾದರೆ ಅದು ಈ ಅಳತೆಯ ಫಲ.

ಈಗ ಹಳೆಯ ಎರಡು ಕಾಯಿದೆಗಳ ಸ್ಥಾನದಲ್ಲಿ ನಿಲ್ಲಲೆಂದು 2023ರ ದೂರಸಂಪರ್ಕ ಕಾಯಿದೆಯು ಬಂದಿದೆ. 2024ರ ಜೂನ್ ಜುಲೈಗಳಲ್ಲಿ ಅದರ ಹಲವು ಕಲಮುಗಳು ಜಾರಿಯಾದವು. ಸಂಪರ್ಕವನ್ನು ತಡೆಯುವ ಯಂತ್ರಗಳನ್ನು ಸರಕಾರದ ಅನುಮತಿಯಿಲ್ಲದೆ ಬಳಸಕೂಡದೆಂದು ಅದರ 48ನೆಯ ಕಲಮು ಹೇಳುತ್ತದೆ. ಅನುಮತಿಯಿಲ್ಲದ ಯಂತ್ರವನ್ನಿಟ್ಟುಕೊಂಡವನಿಗೆ ಹತ್ತು ಲಕ್ಷ ರೂಪಾಯಿಗಳವರೆಗೂ ದಂಡ ವಿಧಿಸಬಹುದೆಂದು ಹೊಸ ವಿಧಿಯಿದೆ. ಒಬ್ಬ ಒಕ್ಕಲಿಗನ ಹೊಲವನ್ನೇ ನುಂಗಬಲ್ಲ ಮೊತ್ತವಿದು. ಇಷ್ಟು ಭಾರವಾದ ಬಡಿಗೆಯನ್ನು ಕೈಯಲ್ಲಿ ಹಿಡಿದವರು ಯಾರ ಮೇಲೆ ಎತ್ತುತ್ತೇವೆಂಬುದನ್ನು ಮೊದಲು ನೋಡಬೇಡವೆ? ಕೊಂಡವನಿಗಿಂತ ಮಾರಿದವನು ದೊಡ್ಡ ಅಪರಾಧಿ. 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು ಅಂತರ್ಜಾಲದ 13 ಮಾರಾಟ ಸಂಸ್ಥೆಗಳಿಗೆ, ಪರವಾನಿಗೆಯ ಅಗತ್ಯವನ್ನು ಮುಚ್ಚಿಟ್ಟು ವಾಕಿ-ಟಾಕಿಗಳನ್ನು ಮಾರುತ್ತಿದ್ದುದಕ್ಕಾಗಿ ನೋಟೀಸು ಕೊಟ್ಟು, ಬಳಿಕ ಮಾರಾಟದ ನಿಯಮಾವಳಿಯನ್ನೂ ಹೊರಡಿಸಿತು. ಇದು ಸರಿಯಾದ ದಿಕ್ಕು. ಬೂಸ್ಟರುಗಳ ವಿಷಯದಲ್ಲಿಯೂ ಅಂಗಡಿಯಿಂದಲೇ ಶೋಧನೆಯು ಮೊದಲಾಗಲಿ.

ಇನ್ನೊಂದು ಮಾತು. ಕಾಯಿದೆಯು ಪ್ರಜೆಗೆ ಮಾತ್ರವಲ್ಲ, ಸರಕಾರಕ್ಕೂ ಸಲ್ಲಬೇಕು. ಬೆಂಗಳೂರಿನ ಪರಪ್ಪನ ಅಗ್ರಹಾರದ ಸೆರೆಮನೆಯಲ್ಲಿ ಕೈದಿಗಳ ಮೊಬೈಲನ್ನು ತಡೆಯಲೆಂದು ಹಾಕಿದ ಯಂತ್ರಗಳಿಂದ ಸುತ್ತಲಿನ ನಿವಾಸಿಗಳ ಕರೆಗಳಿಗೂ ಅಡ್ಡಿಯಾಗುತ್ತಿದೆಯೆಂದು ಅಲ್ಲಿಯವರು ದೂರಿಕೊಂಡದ್ದು ಪತ್ರಿಕೆಗಳಲ್ಲಿ ಬಂದಿತು. ಮುಡಬಿಯ ಒಕ್ಕಲಿಗನ ಪೆಟ್ಟಿಗೆಯು ನೆರೆಯವನ ಕರೆಯನ್ನು ಕಡಿದರೆ ಅಪರಾಧ, ಸರಕಾರದ ಯಂತ್ರವು ಕಡಿದರೆ ಆಡಳಿತ ಎಂಬ ನ್ಯಾಯವು ಪ್ರಜಾರಾಜ್ಯಕ್ಕೆ ಒಪ್ಪುವಂಥದಲ್ಲ.

ಅಧಿಕಾರಿವರ್ಗದವರಲ್ಲಿ ನಮ್ಮ ಬಿನ್ನಹವು ಇಷ್ಟೆ. ಯಂತ್ರವನ್ನು ಕಿತ್ತುಕೊಳ್ಳುವುದಕ್ಕೆ ಬಂದವರು, ಅದನ್ನು ಕೊಳ್ಳುವ ಗರಜು ಏಕೆ ಬಿದ್ದಿತೆಂಬುದನ್ನು ಕೇಳಿ ಬರೆದುಕೊಂಡು ಹೋಗಲಿ. ನೆಟ್‌ವರ್ಕು ಮುಟ್ಟದ ಊರುಗಳ ಪಟ್ಟಿಯನ್ನು ತಾಲೂಕು ಕಚೇರಿಯಲ್ಲಿ ಅಂಟಿಸಿ, ಕಂಪನಿಗಳಿಗೆ ಗಡುವು ಹಾಕಲಿ. ಮೊದಲ ಸಲ ಸಿಕ್ಕವನಿಗೆ ತಿಳಿವಳಿಕೆಯನ್ನಿತ್ತು, ಎರಡನೆಯ ಸಲಕ್ಕೆ ದಂಡವನ್ನು ಕಾದಿಡಲಿ. ಎಲ್ಲಕ್ಕೂ ಮಿಗಿಲಾಗಿ, ಈ ಸೂಚನೆಗಳು ಕನ್ನಡದಲ್ಲಿ ಗ್ರಾಮ ಪಂಚಾಯತಿಯ ಹಲಗೆಯ ಮೇಲೆ ಕಾಣಲಿ; ಓದಲಾಗದ ಭಾಷೆಯಲ್ಲಿರುವ ಕಾಯಿದೆಯನ್ನು ಮೀರಿದನೆಂದು ಒಬ್ಬನನ್ನು ದಂಡಿಸುವುದು ನ್ಯಾಯಕ್ಕೆ ಶೋಭಿಸದು. ಸಮುದಾಯ ಬಾನುಲಿಗೆ ಅರ್ಜಿ ಹಾಕುವ ನಮ್ಮ ಸೀಮೆಯ ಸಂಸ್ಥೆಗಳನ್ನು ಜಹೀರಾಬಾದಿನ ಹೆಣ್ಣುಮಕ್ಕಳಂತೆ ಹತ್ತು ವರ್ಷ ಕಾಯಿಸದಿರಲಿ.

ಓದುಗ ಮಹಾಶಯರಲ್ಲಿಯೂ ಒಂದು ಮಾತುಂಟು. ನಮ್ಮ ಕಲ್ಯಾಣವು ಅನುಭವಮಂಟಪದ ನೆಲ. ಅಲ್ಲಿ ಕಾಯಕದ ಮೇಲು ಕೀಳು ನೋಡದೆ ಗಂಡಸರೂ ಹೆಂಗಸರೂ ಮಾತಾಡಿದರೆಂದು ಪರಂಪರೆಯು ಹೇಳುತ್ತದೆ. ಆದರೆ ಆ ಸಭೆಯಲ್ಲಿ ಶೂನ್ಯಸಿಂಹಾಸನವೂ ಇತ್ತು, ಅದರ ಮೇಲೆ ಅಲ್ಲಮಪ್ರಭುವೂ ಇದ್ದನು. ಎಲ್ಲರೂ ಒಟ್ಟಿಗೇ ಕೂಗಿದ್ದರೆ ಅದು ಮಂಟಪವಾಗುತ್ತಿರಲಿಲ್ಲ, ಸಂತೆಯಾಗುತ್ತಿತ್ತು. ಒಬ್ಬನೇ ಮಾತಾಡಿದ್ದರೆ ಅದು ಅರಮನೆಯಾಗುತ್ತಿತ್ತು. ಅಲೆಗಳ ಆಡಳಿತಕ್ಕೂ ಇದೇ ಮಾದರಿ. ಮಾಳಿಗೆಯ ಮೇಲೆ ಅಂಥ ಪೆಟ್ಟಿಗೆಯಿದ್ದವರು ಇಂದೇ ಅದರ ತಂತಿಯನ್ನು ಬಿಚ್ಚಿಡಲಿ. ಬಿಚ್ಚಿಟ್ಟ ಆ ಕೈಯಿಂದಲೇ, ನಮ್ಮೂರಿಗೆ ಟವರು ಬೇಕೆಂಬ ಅರ್ಜಿಗೆ ಸಹಿಯನ್ನೂ ಹಾಕಲಿ.